ಪೌತಿ, ಪ್ರೊಬೇಟ್, ಪಾಲುಪಟ್ಟಿ: ಮನೆಯ ಹಿರಿಯರು ಹೋದ ಮೇಲೆ ಕೈಗೆ ಬರುವ ಕಾಗದಗಳನ್ನು ಓದುವುದು ಹೇಗೆ?

ಅಪ್ಪ ತೀರಿಕೊಂಡ ನಾಲ್ಕನೇ ತಿಂಗಳು ಕಚೇರಿಯೊಂದರಿಂದ ನಮಗೆ ಒಂದು ಕಾಗದ ಬಂತು. ಮೇಲೆ ದಪ್ಪಕ್ಷರದಲ್ಲಿ 'ಹಿಂಬರಹ' ಅಂತಿತ್ತು. ಹಿಂದೆ ಏನೋ ಬರೆದಿರಬೇಕು ಅಂತ ಅಮ್ಮ ಹಾಳೆ ತಿರುಗಿಸಿ ನೋಡಿದರು. ಖಾಲಿ. ಹಿಂಬರಹ ಅಂದರೆ ನಮ್ಮ ಅರ್ಜಿಗೆ ಕಚೇರಿ ಬರೆದು ಕೊಡುವ ಉತ್ತರ ಅಷ್ಟೇ. ಉತ್ತರ ಒಂದೇ ಸಾಲಿನದು: 'ಸಕ್ಷಮ ನ್ಯಾಯಾಲಯದಿಂದ ಉತ್ತರಾಧಿಕಾರ ಪ್ರಮಾಣಪತ್ರ ಪಡೆದು ಹಾಜರುಪಡಿಸತಕ್ಕದ್ದು.' ನಾವು ಕೊಟ್ಟಿದ್ದು ಜಮೀನಿನ ಖಾತೆ ಬದಲಾವಣೆಯ ಅರ್ಜಿ. ಆ ಪ್ರಮಾಣಪತ್ರದ ಹಿಂದೆ ತಿಂಗಳುಗಟ್ಟಲೆ ಅಲೆದೆವು. ಕೊನೆಗೆ ವಕೀಲರೊಬ್ಬರು ಕಾಗದ ಓದಿ, "ಇದು ಬ್ಯಾಂಕಿನ ದುಡ್ಡಿಗೆ ಬೇಕಾಗೋದು. ಜಮೀನಿಗೆ ಇದನ್ನ ಯಾವ ಕೋರ್ಟೂ ಕೊಡಲ್ಲ" ಅಂದರು.

ಬರೆದ ಗುಮಾಸ್ತರಿಗೂ ಆ ಪದದ ಅರ್ಥ ಗೊತ್ತಿರಲಿಲ್ಲ, ನಮಗೂ ಗೊತ್ತಿರಲಿಲ್ಲ. ಅಲ್ಲಿಂದಾಚೆ ಒಂದೊಂದೇ ಪದ ಹಿಡಿದು ಕೇಳಿಕೊಂಡು ಕಲಿತದ್ದನ್ನು ಇಲ್ಲಿ ಬರೆದಿದ್ದೇನೆ. ಇದರಲ್ಲಿ ಜಾಸ್ತಿ ಭಾಗ ಕರ್ನಾಟಕದ ಹಿಂದೂ ಕುಟುಂಬಗಳದ್ದು. ಬೇರೆಯವರ ನಿಯಮ ಎಲ್ಲಿ ಬೇರೆಯೋ ಅಲ್ಲಿ ಹೇಳಿದ್ದೇನೆ. ಯಾವ ಕಾಗದ ಕೈಗೆ ಬಂದರೂ ಮೊದಲು ಒಂದು ಪ್ರಶ್ನೆ ಕೇಳಿಕೊಳ್ಳಿ: ಇದು ಹೆಸರು ಕೊಡುವ ಕಾಗದವೋ, ಹಕ್ಕು ಕೊಡುವ ಕಾಗದವೋ?

ಮೊದಲು ಮರಣ ಪ್ರಮಾಣಪತ್ರ, ಅದರಲ್ಲಿ ಹೆಸರು

ಮರಣವನ್ನು 21 ದಿನದೊಳಗೆ ನೋಂದಾಯಿಸಬೇಕು. ಒಂದು ವರ್ಷ ದಾಟಿದರೆ ಮೇಲಧಿಕಾರಿಯ ಆದೇಶ ಬೇಕು, ಆಗ ಅಲೆದಾಟ ಶುರು. ಪ್ರತಿಗಳನ್ನು ಧಾರಾಳವಾಗಿ ತೆಗೆದಿಟ್ಟುಕೊಳ್ಳಿ.

ಪ್ರಮಾಣಪತ್ರ ಕೈಗೆ ಬಂದ ಕೂಡಲೇ ಹೆಸರನ್ನು ಪಹಣಿಯ, ಅಂದರೆ ಜಮೀನಿನ ಸರ್ಕಾರಿ ದಾಖಲೆಯ ಜೊತೆ, ಬ್ಯಾಂಕ್ ಪುಸ್ತಕದ ಜೊತೆ, ಆಧಾರ್ ಜೊತೆ ಅಕ್ಷರ ಅಕ್ಷರ ಹೋಲಿಸಿ. ನಮ್ಮಪ್ಪ ಒಂದು ಕಡೆ ಸಿದ್ದಪ್ಪ, ಇನ್ನೊಂದು ಕಡೆ ಸಿದ್ಧಯ್ಯ ಆಗಿದ್ದರು. ಪಹಣಿಯಲ್ಲಿ ತಾತನ ಹೆಸರಿನ ಮುಂದೆ 'ಬಿನ್' ಅಂತಲೂ, ಅಜ್ಜಿಯ ಹೆಸರಿನ ಮುಂದೆ 'ಕೋಂ' ಅಂತಲೂ ಇರುತ್ತದೆ. ಇಂಥವರು ಬಿನ್ ಇಂಥವರು ಅಂದರೆ ಮೊದಲಿನವರು ಎರಡನೆಯವರ ಮಗ, ಕೋಂ ಅಂದರೆ ಹೆಂಡತಿ. ಹಳೇ ಕಂದಾಯ ಭಾಷೆ ಅದು. ಎರಡು ಹೆಸರೂ ಒಬ್ಬರದ್ದೇ ಅಂತ ಹೇಳಲು ನೋಟರಿ ಮುಂದೆ ಅಫಿಡವಿಟ್, ಅಂದರೆ ಪ್ರಮಾಣ ಮಾಡಿದ ಹೇಳಿಕೆ, ಮಾಡಿಸಬೇಕಾಗುತ್ತದೆ. ಅದರಲ್ಲಿ 'ಅಲಿಯಾಸ್' ಅಂತ ಬರೆಯುತ್ತಾರೆ. ಪೊಲೀಸ್ ಕೇಸು ನೆನಪಾಗಿ ಅಮ್ಮನಿಗೆ ಆ ಪದ ಹಿಡಿಸಲಿಲ್ಲ, ಆದರೆ ಕೆಲಸ ಆಯಿತು.

ಆಮೇಲೆ: ವಿಲ್ ಇದೆಯಾ?

ವಿಲ್, ಉಯಿಲು, ಮರಣಶಾಸನ ಮೂರೂ ಒಂದೇ. ಬೀರು, ಬ್ಯಾಂಕ್ ಲಾಕರ್, ಪರಿಚಯದ ವಕೀಲರು, ಸಬ್ ರಿಜಿಸ್ಟ್ರಾರ್ ಕಚೇರಿ, ಈ ಕ್ರಮದಲ್ಲಿ ಹುಡುಕಿ. ಒಂದಕ್ಕಿಂತ ಹೆಚ್ಚು ಸಿಕ್ಕರೆ ಕೊನೆಯದ್ದೇ ನಡೆಯುತ್ತದೆ. ಹಳೆಯದು ರಿಜಿಸ್ಟರ್ ಆಗಿದ್ದು ಹೊಸದು ಬಿಳಿ ಹಾಳೆಯಲ್ಲಿದ್ದರೂ ಅಷ್ಟೇ.

ಹೌದು, ವಿಲ್‌ಗೆ ನೋಂದಣಿ ಕಡ್ಡಾಯ ಅಲ್ಲ, ಸ್ಟಾಂಪ್ ಪೇಪರ್ ಬೇಕಿಲ್ಲ. ಬೇಕಾದ್ದು ಬರೆದವರ ಸಹಿ ಅಥವಾ ಹೆಬ್ಬೆಟ್ಟು, ಜೊತೆಗೆ ಕನಿಷ್ಠ ಇಬ್ಬರು ಸಾಕ್ಷಿ. ಬರೆದವರು ಸಹಿ ಹಾಕುವುದನ್ನು ಸಾಕ್ಷಿಗಳು ನೋಡಿರಬೇಕು, ಇಲ್ಲವೇ 'ಇದು ನನ್ನದೇ ಸಹಿ' ಅಂತ ಅವರ ಬಾಯಿಂದ ಕೇಳಿರಬೇಕು. ತಾವೂ ಅವರ ಎದುರಲ್ಲೇ ಸಹಿ ಹಾಕಿರಬೇಕು. ಒಳಗೆ ಏನು ಬರೆದಿದೆ ಅಂತ ಸಾಕ್ಷಿಗಳಿಗೆ ಗೊತ್ತಿರಬೇಕಾಗಿಲ್ಲ. ಮುಂದೆ ಕೋರ್ಟಿನಲ್ಲಿ ವಿಲ್ ರುಜುವಾತು ಮಾಡುವಾಗ ಬದುಕಿರುವ ಸಾಕ್ಷಿಗಳಲ್ಲಿ ಒಬ್ಬರಾದರೂ ಬಂದು ಹೇಳಬೇಕು. ಹಾಗಾಗಿ ಎಪ್ಪತ್ತು ದಾಟಿದ ಇಬ್ಬರು ಗೆಳೆಯರನ್ನೇ ಸಾಕ್ಷಿ ಹಾಕಿಸಿದ ವಿಲ್ ನೋಡಿದರೆ ನನಗೆ ದಿಗಿಲು.

ನಮ್ಮದೇ ಮೈಸೂರಿನ ಒಂದು ಮೊಕದ್ದಮೆ ದೇಶಕ್ಕೆಲ್ಲ ಪಾಠವಾಯಿತು. ವೆಂಕಟಾಚಲ ಅಯ್ಯಂಗಾರ್ ವಿರುದ್ಧ ತಿಮ್ಮಜಮ್ಮ ಅಂತ, 1959ರ ಕಾನೂನು ವರದಿಗಳಲ್ಲಿದೆ. ಲಕ್ಷ್ಮಮ್ಮ ಎಂಬ ವಿಧವೆಯ ಹೆಸರಿನಲ್ಲಿದ್ದ 1945ರ ವಿಲ್. ಅದನ್ನು ಬರೆಸುವುದರಲ್ಲಿ ಮುಂದೆ ನಿಂತವರು ಅದರ ಎಕ್ಸಿಕ್ಯೂಟರ್, ಅಂದರೆ ವಿಲ್ ನಡೆಸಿಕೊಡಲು ನೇಮಕವಾದವರು. ಅವರ ಮಕ್ಕಳಿಗೇ ದೊಡ್ಡ ಲಾಭ. ಸುಪ್ರೀಂ ಕೋರ್ಟ್ ಆ ವಿಲ್ ಒಪ್ಪಲಿಲ್ಲ. ಲಾಭ ಪಡೆಯುವವರೇ ಓಡಾಡಿ ಬರೆಸಿದ್ದರೆ ಅದು 'ಸಂಶಯಾಸ್ಪದ ಸನ್ನಿವೇಶ', ಆ ಸಂಶಯ ತೆಗೆಯುವ ಹೊಣೆ ವಿಲ್ ಹಿಡಿದು ಬಂದವರದ್ದೇ ಅಂತು. ಇವತ್ತಿಗೂ ವಿಲ್ ಜಗಳದಲ್ಲಿ ವಕೀಲರು ಮೊದಲು ಎತ್ತುವುದು ಈ ತೀರ್ಪನ್ನೇ. ಅಪ್ಪನನ್ನು ಕಾರಿನಲ್ಲಿ ಕೂರಿಸಿಕೊಂಡು ಹೋಗಿ ವಿಲ್ ಮಾಡಿಸಿಕೊಂಡು ಬರುವ ಮಗ ಇದನ್ನು ಓದಿದರೆ ಒಳ್ಳೆಯದು.

ವಿಲ್‌ನಲ್ಲಿ ಬರುವ ಪದಗಳು ಕೆಲವೇ. ಎಕ್ಸಿಕ್ಯೂಟರ್ ಅಂದರೆ ವಿಲ್‌ನಲ್ಲಿ ಹೇಳಿದ್ದನ್ನು ನಡೆಸಿಕೊಡಲು ಬರೆದವರೇ ನೇಮಿಸಿದ ವ್ಯಕ್ತಿ. ಅವರು ಮಾಲೀಕರಲ್ಲ. ಕೋಡಿಸಿಲ್ ಅಂದರೆ ವಿಲ್‌ಗೆ ಆಮೇಲೆ ಸೇರಿಸಿದ ಪುರವಣಿ, ಅದಕ್ಕೂ ಇಬ್ಬರು ಸಾಕ್ಷಿ ಬೇಕು. ಇನ್ನು ಎಲ್ಲರೂ ಕೇಳುವ ಪ್ರೊಬೇಟ್. ಈ ವಿಲ್ ನಿಜವಾದದ್ದು ಅಂತ ಕೋರ್ಟು ಮೊಹರು ಹಾಕಿ ಕೊಡುವ ಪ್ರತಿ ಅದು. ಎಕ್ಸಿಕ್ಯೂಟರ್‌ಗೆ ಮಾತ್ರ ಕೊಡುತ್ತಾರೆ. ವಿಲ್‌ನಲ್ಲಿ ಎಕ್ಸಿಕ್ಯೂಟರ್ ಹೆಸರಿಲ್ಲ, ಅಥವಾ ವಿಲ್ಲೇ ಇಲ್ಲ ಅಂದಾಗ ಕೊಡುವುದು 'ಲೆಟರ್ಸ್ ಆಫ್ ಅಡ್ಮಿನಿಸ್ಟ್ರೇಷನ್', ಕನ್ನಡದಲ್ಲಿ ಆಡಳಿತ ಪತ್ರ. ಬೆಂಗಳೂರು ಸಿಟಿ ಸಿವಿಲ್ ಕೋರ್ಟಿನ ಕಾಗದದಲ್ಲಿ 'ಪಿ ಅಂಡ್ ಎಸ್‌ಸಿ' ಅಂತ ನಂಬರ್ ಕಂಡರೆ ಗಾಬರಿ ಬೇಡ. ಪ್ರೊಬೇಟ್ ಮತ್ತು ಸಕ್ಸೆಷನ್ ಕೇಸುಗಳ ಗುರುತು ಅದು.

ಕೇಳಿದರೆ ಅಚ್ಚರಿ ಆಗುತ್ತದೆ, ಪ್ರೊಬೇಟ್ ಕೂಡ ಆಸ್ತಿ ಯಾರದ್ದು ಅಂತ ಹೇಳುವುದಿಲ್ಲ. ವಿಲ್ ಅಸಲಿಯೋ ಅಲ್ಲವೋ, ಅಷ್ಟೇ. ಅಪ್ಪ ತನ್ನದಲ್ಲದ ಮನೆಯನ್ನು ವಿಲ್‌ನಲ್ಲಿ ಬರೆದಿದ್ದರೆ ಪ್ರೊಬೇಟ್ ಸಿಕ್ಕರೂ ಮನೆ ಸಿಗುವುದಿಲ್ಲ.

ಪ್ರೊಬೇಟ್ ಕಡ್ಡಾಯವಾ? 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆಯ 213ನೇ ಕಲಂ ಪ್ರಕಾರ ಹಿಂದೂಗಳಿಗೆ ಮುಂಬೈ, ಚೆನ್ನೈ, ಕೋಲ್ಕತ್ತಾ ಸಂಬಂಧದ ವಿಲ್‌ಗಳಿಗೆ ಕಡ್ಡಾಯ ಇತ್ತು. ಕರ್ನಾಟಕದಲ್ಲೇ ಬರೆದ, ಕರ್ನಾಟಕದ ಆಸ್ತಿಯ ವಿಲ್‌ಗೆ ಇರಲಿಲ್ಲ. 2025ರ ಡಿಸೆಂಬರ್‌ನಲ್ಲಿ ಸಂಸತ್ತು ಆ ಕಲಮನ್ನೇ ತೆಗೆದುಹಾಕಿತು. ಮುಂಬೈಯಲ್ಲಿ ಫ್ಲ್ಯಾಟ್ ಇರುವ ಕನ್ನಡಿಗರ ಮನೆಗಳಲ್ಲಿ ಹಳೇ ಸಲಹೆ ಇನ್ನೂ ಓಡಾಡುತ್ತಿದೆ, ಹಾಗಾಗಿ ಇಷ್ಟು ಬರೆದೆ.

ವಿಲ್ ಇಲ್ಲ ಅಂದರೆ: ವಾರಸುದಾರರು ಯಾರು?

ಮೊದಲು ಆಸ್ತಿಯನ್ನು ಎರಡು ರಾಶಿ ಮಾಡಿ. ಸ್ವಯಾರ್ಜಿತ ಅಂದರೆ ಅವರೇ ದುಡಿದು ಕೊಂಡದ್ದು. ಪಿತ್ರಾರ್ಜಿತ ಅಂದರೆ ವಂಶದಿಂದ ಅವಿಭಕ್ತವಾಗಿ ಬಂದದ್ದು. 'ತಾತನದ್ದೆಲ್ಲ ಪಿತ್ರಾರ್ಜಿತ' ಅನ್ನುವುದು ಅರ್ಧ ಮಾತ್ರ ನಿಜ. ತಾತ ತಾನೇ ಕೊಂಡ ಜಮೀನನ್ನು 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಬಂದ ನಂತರ ವಿಲ್ ಬರೆಯದೆ ಬಿಟ್ಟು ಹೋಗಿದ್ದರೆ, ಅಪ್ಪನಿಗೆ ಬಂದ ಪಾಲು ಅಪ್ಪನ ಸ್ವಂತದ್ದೇ ಆಗುತ್ತದೆ. ಅದನ್ನು ಅವರು ಯಾರಿಗೆ ಬೇಕಾದರೂ ಬರೆಯಬಹುದು. ಪಿತ್ರಾರ್ಜಿತದಲ್ಲಿ ಅವರು ವಿಲ್ ಬರೆಯಬಹುದಾದದ್ದು ತಮ್ಮ ಪಾಲಿಗೆ ಮಾತ್ರ.

ಪಿತ್ರಾರ್ಜಿತದಲ್ಲಿ ಹೆಣ್ಣುಮಕ್ಕಳಿಗೆ ಹುಟ್ಟಿನಿಂದಲೇ ಗಂಡುಮಕ್ಕಳಷ್ಟೇ ಹಕ್ಕು. ಕರ್ನಾಟಕ 1994ರಲ್ಲೇ ಮದುವೆಯಾಗದ ಹೆಣ್ಣುಮಕ್ಕಳಿಗೆ ಕೊಟ್ಟಿತ್ತು. 2005ರ ಸೆಪ್ಟೆಂಬರ್ 9ರಿಂದ ದೇಶಕ್ಕೆಲ್ಲ, ಮದುವೆ ಆಗಿರಲಿ ಬಿಡಲಿ. ಆ ದಿನ ಅಪ್ಪ ಬದುಕಿರಲೇಬೇಕು ಅನ್ನುವ ಗೊಂದಲವನ್ನು 2020ರ ಆಗಸ್ಟ್‌ನಲ್ಲಿ ವಿನೀತಾ ಶರ್ಮಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಬಗೆಹರಿಸಿತು: ಬದುಕಿರಬೇಕಾಗಿಲ್ಲ. 2004ರ ಡಿಸೆಂಬರ್ 20ಕ್ಕೆ ಮೊದಲು ಸರಿಯಾಗಿ ಪಾಲಾಗಿ ಮುಗಿದದ್ದನ್ನು ಮಾತ್ರ ಈಗ ಕೆದಕುವಂತಿಲ್ಲ.

ಸ್ವಯಾರ್ಜಿತದ ಲೆಕ್ಕ ಸುಲಭ. ಹೆಂಡತಿ, ಗಂಡುಮಕ್ಕಳು, ಹೆಣ್ಣುಮಕ್ಕಳು, ತಾಯಿ, ಇವರೆಲ್ಲ 'ಒಂದನೇ ವರ್ಗದ ವಾರಸುದಾರರು', ಎಲ್ಲರಿಗೂ ಸಮಪಾಲು. ಮೊದಲೇ ತೀರಿಕೊಂಡ ಮಗ ಅಥವಾ ಮಗಳಿದ್ದರೆ ಅವರ ಪಾಲು ಅವರ ಕಡೆಯವರಿಗೆ. ತಂದೆ ಈ ವರ್ಗದಲ್ಲಿಲ್ಲ, ತಾಯಿ ಇದ್ದಾರೆ. ಜನ ಮರೆಯುವುದು ಇದನ್ನೇ. ನಮ್ಮ ಮನೆಯದ್ದೇ ತೆಗೆದುಕೊಳ್ಳಿ. ಅಪ್ಪ ಕೊಂಡ ಸೈಟು ಒಂದು. ಅಮ್ಮ, ನಾನು, ಇಬ್ಬರು ಅಕ್ಕಂದಿರು, ನಾಲ್ಕು ಪಾಲು ಅಂದುಕೊಂಡಿದ್ದೆವು. ವಕೀಲರು "ಅಜ್ಜಿ ಇದ್ದಾರಾ?" ಅಂತ ಕೇಳಿದರು. ಒಳಗೆ ಮಂಚದ ಮೇಲೆ ಎಲೆ ಅಡಿಕೆ ಕುಟ್ಟುತ್ತಿದ್ದರು. ಹಾಗಾದರೆ ಐದು ಪಾಲು.

ಅದು ಅಲ್ಲಿಗೇ ನಿಲ್ಲುವುದಿಲ್ಲ. ಅಜ್ಜಿ ವಿಲ್ ಬರೆಯದೆ ಹೋದರೆ ಅವರ ಐದನೇ ಒಂದು ಪಾಲು ಅವರ ಮಕ್ಕಳಿಗೆ ಇಳಿಯುತ್ತದೆ. ಅಂದರೆ ನಮ್ಮ ಅಪ್ಪ ಕೊಂಡ ಸೈಟಿನಲ್ಲಿ ಚಿಕ್ಕಪ್ಪನಿಗೂ ಅತ್ತೆಗೂ ಪಾಲು, ಅಪ್ಪನ ಲೆಕ್ಕದ್ದು ನಮಗೆ ಮೂರು ಜನಕ್ಕೆ. ಬ್ಯಾಂಕಿನವರೋ ಸೈಟು ಕೊಳ್ಳುವವರೋ ಹತ್ತು ವರ್ಷದ ಮೇಲೆ ಇದನ್ನು ಎತ್ತಿದಾಗ ಅತ್ತೆಯ ಮಕ್ಕಳನ್ನೆಲ್ಲ ಹುಡುಕಿ ಸಹಿ ಹಾಕಿಸಬೇಕು. ಅಜ್ಜಿ ಇರುವಾಗಲೇ ಮಾತಾಡಿ ಮುಗಿಸುವುದು ವಾಸಿ, ಅಲ್ವಾ?

ಬೇರೆಯವರಿಗೆ ಬೇರೆ ಲೆಕ್ಕ. ಕ್ರೈಸ್ತರಲ್ಲಿ ವಿಲ್ ಇಲ್ಲದಿದ್ದರೆ ಹೆಂಡತಿಗೆ ಮೂರನೇ ಒಂದು, ಉಳಿದದ್ದು ಮಕ್ಕಳಿಗೆ ಸಮವಾಗಿ. ಮುಸ್ಲಿಮರು ಸಾಮಾನ್ಯವಾಗಿ ವಿಲ್ ಮೂಲಕ ಮೂರನೇ ಒಂದಕ್ಕಿಂತ ಹೆಚ್ಚು ಕೊಡಬೇಕಾದರೆ ವಾರಸುದಾರರ ಒಪ್ಪಿಗೆ ಬೇಕು. ಕರಾವಳಿಯ ಅಳಿಯಸಂತಾನದ ಮನೆಗಳ ಹಳೇ ಪತ್ರದಲ್ಲಿ 'ಕವರು' ಅಂತ ಕಂಡರೆ ಅದು ತಾಯಿಯ ಕಡೆಯಿಂದ ಎಣಿಸುವ ಶಾಖೆ. ಆ ಕಾಗದ ಓದಲು ಆ ಕಡೆಯ ವಕೀಲರೇ ಬೇಕು.

ವಾರಸುದಾರರ ಪಟ್ಟಿಗೆ ಸರ್ಕಾರಿ ಕಾಗದ ವಂಶವೃಕ್ಷ, ಇಲ್ಲವೇ ಜೀವಂತ ಕುಟುಂಬ ಸದಸ್ಯರ ಪ್ರಮಾಣಪತ್ರ. ನಾಡಕಚೇರಿಯಲ್ಲಿ ಅರ್ಜಿ ಹಾಕಬೇಕು. ಗ್ರಾಮ ಆಡಳಿತಾಧಿಕಾರಿ ಬಂದು ಅಕ್ಕಪಕ್ಕದವರನ್ನು ಕೇಳಿ ವರದಿ ಕೊಡುತ್ತಾರೆ. ಮದುವೆಯಾಗಿ ಹೋದ ಅಕ್ಕನ ಹೆಸರು ಬಿಟ್ಟು ವಂಶವೃಕ್ಷ ಮಾಡಿಸುವ ಚಾಳಿ ಇನ್ನೂ ಇದೆ. ಬಿಟ್ಟ ಮಾತ್ರಕ್ಕೆ ಹಕ್ಕು ಹೋಗುವುದಿಲ್ಲ, ಬಿಟ್ಟವರ ಮೇಲೆ ಕೇಸು ಬರುತ್ತದೆ ಅಷ್ಟೇ.

ಯಾವ ಆಸ್ತಿಗೆ ಯಾವ ಕಿಟಕಿ

ಬ್ಯಾಂಕ್, ವಿಮೆ, ಷೇರು. ಇಲ್ಲಿ ದೊಡ್ಡ ಪದ ನಾಮಿನಿ. ನಾಮಿನಿ ಅಂದರೆ ದುಡ್ಡನ್ನು ಕೈಗೆ ತೆಗೆದುಕೊಳ್ಳುವ ಅಧಿಕಾರ ಇರುವವರು. ದುಡ್ಡಿನ ಮಾಲೀಕರು ವಾರಸುದಾರರೇ. ಸುಪ್ರೀಂ ಕೋರ್ಟ್ ವಿಮೆಯ ಬಗ್ಗೆ 1983ರಲ್ಲೇ ಹೀಗೆ ಹೇಳಿತ್ತು, ಷೇರುಗಳ ಬಗ್ಗೆ 2023ರ ಡಿಸೆಂಬರ್‌ನಲ್ಲಿ ಹೇಳಿತು. ವಿಮಾ ಕಾಯ್ದೆಗೆ 2015ರಲ್ಲಿ ತಿದ್ದುಪಡಿ ಬಂದ ಮೇಲೆ ಹತ್ತಿರದ ಬಂಧು ನಾಮಿನಿಯಾಗಿದ್ದರೆ ಎಲ್ಲಾ ಅವರದ್ದೇ ಅನ್ನುವ ವಾದ ಶುರುವಾಯಿತು. 2025ರಲ್ಲಿ ಕರ್ನಾಟಕ ಹೈಕೋರ್ಟ್ ಮುಂದೆ ಬಂದ ಪ್ರಕರಣ ನೋಡಿ. ಮದುವೆಗೆ ಮುಂಚೆ ಒಬ್ಬರು ತಾಯಿಯನ್ನು ನಾಮಿನಿ ಮಾಡಿದ್ದರು. ಮದುವೆಯಾಗಿ ಮಗು ಹುಟ್ಟಿದರೂ ಬದಲಾಯಿಸಲಿಲ್ಲ, ಆಮೇಲೆ ತೀರಿಕೊಂಡರು. ತಾಯಿ, ಹೆಂಡತಿ, ಮಗು ಮೂವರಿಗೂ ಸಮಪಾಲು ಅಂತ ತೀರ್ಪಾಯಿತು.

ಜಂಟಿ ಖಾತೆಯ 'ಐದರ್ ಆರ್ ಸರ್ವೈವರ್' ಅಂದರೆ ಇಬ್ಬರಲ್ಲಿ ಯಾರಾದರೂ, ಅಥವಾ ಉಳಿದವರು ವ್ಯವಹಾರ ಮಾಡಬಹುದು ಅಂತ. 2025ರ ನವೆಂಬರ್ 1ರಿಂದ ಒಂದು ಬ್ಯಾಂಕ್ ಖಾತೆಗೆ ನಾಲ್ಕು ನಾಮಿನಿಗಳನ್ನು ಹಾಕಬಹುದು.

ನಾಮಿನಿಯೂ ಇಲ್ಲ, ವಿಲ್ಲೂ ಇಲ್ಲ ಅಂದಾಗ ಬ್ಯಾಂಕಿನವರು ಕೇಳುವುದೇ ನಮ್ಮ ಹಿಂಬರಹದ ಆ ಪದ: ಉತ್ತರಾಧಿಕಾರ ಪ್ರಮಾಣಪತ್ರ, ಸಕ್ಸೆಷನ್ ಸರ್ಟಿಫಿಕೇಟ್. ಠೇವಣಿ, ಷೇರು, ಬರಬೇಕಾದ ಬಾಕಿ, ಇಂಥ ಹಣದ ಬಾಬ್ತಿಗೆ ಸಿವಿಲ್ ಕೋರ್ಟ್ ಕೊಡುವುದು. ಮೊತ್ತದ ಮೇಲೆ ಕೋರ್ಟ್ ಶುಲ್ಕ ಇರುತ್ತದೆ. ಎಲ್ಲದಕ್ಕೂ ಇದು ಬೇಕಿಲ್ಲ. 2025ರ ಸೆಪ್ಟೆಂಬರ್‌ನ ರಿಸರ್ವ್ ಬ್ಯಾಂಕ್ ನಿರ್ದೇಶನದಂತೆ, ತಕರಾರು ಇಲ್ಲದಿದ್ದರೆ 15 ಲಕ್ಷ ರೂಪಾಯಿವರೆಗೆ, ಸಹಕಾರ ಬ್ಯಾಂಕಿನಲ್ಲಿ 5 ಲಕ್ಷದವರೆಗೆ, ಸರಳ ವಿಧಾನದಲ್ಲೇ ಕೊಡಬೇಕು. ಕಾಗದ ಪೂರ್ತಿ ಕೊಟ್ಟ 15 ದಿನದೊಳಗೆ ಮುಗಿಸಬೇಕು. ಆಗ ಇಂಡೆಮ್ನಿಟಿ ಬಾಂಡ್ ಕೇಳುತ್ತಾರೆ. 'ನಾಳೆ ಬೇರೆ ವಾರಸುದಾರರು ಬಂದರೆ ನಷ್ಟ ನಾವು ತುಂಬಿಕೊಡುತ್ತೇವೆ' ಅಂತ ಬರೆದುಕೊಡುವುದು. ಓದದೆ ಸಹಿ ಹಾಕಬೇಡಿ.

ಸಾಲ ಇದ್ದರೆ? ಅಪ್ಪನಿಂದ ಬಂದ ಆಸ್ತಿಯ ಮಟ್ಟಕ್ಕೆ ಮಾತ್ರ ನೀವು ಹೊಣೆ. ನೀವೇ ಜಾಮೀನು ಹಾಕಿರದಿದ್ದರೆ ನಿಮ್ಮ ಸಂಬಳಕ್ಕೆ ಕೈ ಹಾಕುವಂತಿಲ್ಲ.

ಜಮೀನು. ಪಹಣಿಯಲ್ಲಿ ಸತ್ತವರ ಹೆಸರು ತೆಗೆದು ವಾರಸುದಾರರ ಹೆಸರು ಕೂರಿಸುವುದೇ ಪೌತಿ ಖಾತೆ. ಪೌತಿ ಅಂದರೆ ಸಾವು, ಅರಬ್ಬಿಯಿಂದ ಫಾರ್ಸಿ ಮೂಲಕ ಬಂದ ಮಾತು. ಹೀಗೆ ಹೆಸರು ಬದಲಾಗುವ ಕ್ರಿಯೆ ಮ್ಯುಟೇಶನ್, ಅದರ ನಂಬರ್ ಎಂ.ಆರ್. ನಂಬರ್. ತಕರಾರಿಗೆ ನೋಟಿಸ್ ಅವಧಿ ಇರುತ್ತದೆ. ಯಾರಾದರೂ ಆಕ್ಷೇಪ ಹಾಕಿದರೆ ಅದು ತಕರಾರು ಪ್ರಕರಣವಾಗಿ ತಹಶೀಲ್ದಾರರ ಕಚೇರಿಗೆ ಹೋಗುತ್ತದೆ. ವಿಲ್ ಅಸಲಿಯೋ ನಕಲಿಯೋ ಅಂತ ಅವರು ತೀರ್ಮಾನ ಮಾಡುವ ಹಾಗಿಲ್ಲ, ಸಿವಿಲ್ ಕೋರ್ಟಿಗೆ ಹೋಗಿ ಅಂತಾರೆ.

ಪಹಣಿಯಲ್ಲಿ ಹೆಸರು ಬಂತು ಅಂದರೆ ಮಾಲೀಕತ್ವ ಬಂತು ಅಂತಲ್ಲ. ಪಹಣಿ ಸರಿ ಇದೆ ಅಂತ ಕಾನೂನು ಊಹೆ ಮಾಡುತ್ತದೆ, ತಪ್ಪು ಅಂತ ಯಾರಾದರೂ ತೋರಿಸುವವರೆಗೆ. ಪಟ್ಟಣದ ಮನೆಯ ಖಾತೆಯೂ ಹೀಗೇ, ತೆರಿಗೆ ಕಟ್ಟುವವರ ಹೆಸರು. 'ಖಾತೆ ನನ್ನ ಹೆಸರಿಗಿದೆ' ಅಂತ ಎದೆ ತಟ್ಟಿಕೊಳ್ಳುವ ಅಣ್ಣಂದಿರಿಗೆ ತಂಗಿಯ ಪಾಲಿನ ದಾವೆ ಬಂದಾಗ ಇದು ಗೊತ್ತಾಗುತ್ತದೆ.

ಪಾಲು ಮಾಡಿಕೊಳ್ಳುವಾಗ

ಹಕ್ಕು ನಿಜವಾಗಿ ಕೈ ಬದಲಾಯಿಸುವುದು ಇಲ್ಲಿ. ವಿಭಾಗ ಪತ್ರ ಎಂದರೆ ಎಲ್ಲರೂ ಕೂತು ಇದು ನಿನಗೆ, ಇದು ನನಗೆ ಅಂತ ಹಂಚಿ ಸಬ್ ರಿಜಿಸ್ಟ್ರಾರ್ ಮುಂದೆ ನೋಂದಾಯಿಸುವುದು. ಕೃಷಿ ಜಮೀನು ಒಡೆಯಬೇಕಾದರೆ ಮೊದಲು ಸರ್ವೆಯವರ '11ಇ' ನಕ್ಷೆ ಬೇಕು. ಹಕ್ಕು ಬಿಡುಗಡೆ ಪತ್ರ ಅಂದರೆ ಒಬ್ಬರು ತಮ್ಮ ಪಾಲನ್ನು ಇನ್ನೊಬ್ಬ ಪಾಲುದಾರರಿಗೆ ಬಿಟ್ಟುಕೊಡುವುದು. ಸ್ಥಿರಾಸ್ತಿಯಾದ್ದರಿಂದ ಇದೂ ನೋಂದಣಿ ಆಗಬೇಕು. ಬಿಳಿ ಹಾಳೆಯಲ್ಲಿ 'ನನಗೇನೂ ಬೇಡ' ಅಂತ ಅಕ್ಕನಿಂದ ಬರೆಸಿಕೊಂಡರೆ ಅದಕ್ಕೆ ಬೆಲೆ ಇಲ್ಲ. ಅಪ್ಪ ಬದುಕಿರುವಾಗಲೇ ಅವರ ಸ್ವಯಾರ್ಜಿತಕ್ಕೆ ಬಿಡುಗಡೆ ಬರೆಸಿಕೊಳ್ಳುವುದೂ ಸುಮ್ನೆ. ಆಗಿನ್ನೂ ಮಗಳಿಗೆ ಹಕ್ಕೇ ಹುಟ್ಟಿರುವುದಿಲ್ಲ, ಬಿಡುವುದೇನನ್ನು?

ಹಳ್ಳಿಗಳಲ್ಲಿ ಸಿಗುವುದು ಪಾಲುಪಟ್ಟಿ ಅಥವಾ ಪಾರೀಖತ್ತು. ಪಂಚಾಯ್ತಿದಾರರ ಎದುರು ಬರೆದದ್ದು, ನೋಂದಣಿ ಆಗದ್ದು. ಇಂಥದ್ದು ನಿಮ್ಮಲ್ಲಿದ್ದರೆ ಕ್ರಿಯಾಪದ ನೋಡಿ. 'ಈ ದಿನ ಹಂಚಿಕೊಂಡಿರುತ್ತೇವೆ' ಅಂತಿದ್ದರೆ ಆ ಕಾಗದವೇ ಪಾಲು ಮಾಡಿದ ಹಾಗೆ, ನೋಂದಣಿ ಇಲ್ಲದೆ ನಿಲ್ಲದು. 'ಹಿಂದೆಯೇ ಬಾಯಿಮಾತಿನಲ್ಲಿ ಹಂಚಿಕೊಂಡಿದ್ದನ್ನು ನೆನಪಿಗಾಗಿ ಬರೆದಿಟ್ಟಿರುತ್ತೇವೆ' ಅಂತಿದ್ದರೆ ಅದಕ್ಕೆ ನೋಂದಣಿ ಕಡ್ಡಾಯ ಅಲ್ಲ. ಒಂದು ಕ್ರಿಯಾಪದದ ಮೇಲೆ ಎರಡೆಕರೆ ತೆಂಗಿನ ತೋಟ ನಿಂತಿರುತ್ತದೆ. ಆದರೂ ಹೆಣ್ಣುಮಕ್ಕಳ ಹಕ್ಕಿನ ಎದುರು ಬಾಯಿಮಾತಿನ ಪಾಲನ್ನು ಕೋರ್ಟುಗಳು ಸುಲಭಕ್ಕೆ ಒಪ್ಪುವುದಿಲ್ಲ.

ಒಪ್ಪಂದ ಆಗದಿದ್ದರೆ ಪಾಲಿನ ದಾವೆ, ಕೋರ್ಟಿನಲ್ಲಿ ಓ.ಎಸ್. ನಂಬರ್. ಎದುರಿನವರು ಮೊದಲೇ ಹೋಗಿ ಏಕಪಕ್ಷೀಯವಾಗಿ ತಡೆಯಾಜ್ಞೆ ತರುತ್ತಾರೆ ಅನ್ನುವ ಭಯ ಇದ್ದರೆ ಕೇವಿಯಟ್ ಹಾಕಿ. 'ನನ್ನನ್ನು ಕೇಳದೆ ಆದೇಶ ಕೊಡಬೇಡಿ' ಅನ್ನುವ ಅರ್ಜಿ ಅದು, 90 ದಿನ ಇರುತ್ತದೆ. ಆಮೇಲೆ ಮತ್ತೆ ಹಾಕಬೇಕು.

ಜಿಪಿಎ ಬಗ್ಗೆ ಎರಡು ಮಾತು

ಅಪ್ಪ ಮನೆ ನೋಡಿಕೊಳ್ಳಲಿ ಅಂತ ನಿಮಗೆ ಬರೆದುಕೊಟ್ಟ ಜಿಪಿಎ, ಅಂದರೆ ಅಧಿಕಾರ ಪತ್ರ, ಅವರು ಹೋದ ಕ್ಷಣಕ್ಕೇ ಮುಗಿಯಿತು. ಅದನ್ನು ಹಿಡಿದು ಬಾಡಿಗೆ ಕರಾರು, ಮಾರಾಟ ಮಾಡಿದರೆ ತೊಂದರೆ ಗ್ಯಾರಂಟಿ.

ಇನ್ನೊಂದು, ಹೊರದೇಶದಲ್ಲಿರುವ ಅಣ್ಣ ಅಕ್ಕಂದಿರದ್ದು. ವಿಭಾಗ ಪತ್ರಕ್ಕೆ ಅವರು ಬರಲಾಗದಿದ್ದರೆ ಅಲ್ಲಿಂದ ಅಧಿಕಾರ ಪತ್ರ ಕಳಿಸಬೇಕು. ಭಾರತದ ಕಾನ್ಸುಲೇಟ್‌ನಲ್ಲಿ ಮಾಡಿಸಬಹುದು, ಇಲ್ಲವೇ ಅಲ್ಲಿನ ನೋಟರಿ ಮುಂದೆ ಸಹಿ ಹಾಕಿ ಅಪಾಸ್ಟಿಲ್, ಅಂದರೆ ಆ ದೇಶದ ಸರ್ಕಾರದ ದೃಢೀಕರಣ, ಹಾಕಿಸಬಹುದು. ಯಾವ ಸೈಟು, ಯಾವ ಸರ್ವೆ ನಂಬರ್, ಯಾವ ಕೆಲಸಕ್ಕೆ ಅಂತ ಅದರಲ್ಲಿ ಬಿಡಿಸಿ ಬರೆಸಿ. ಇಲ್ಲಿಗೆ ಬಂದ ಮೂರು ತಿಂಗಳೊಳಗೆ ಅದಕ್ಕೆ ಸ್ಟಾಂಪ್ ಶುಲ್ಕ ಕಟ್ಟಬೇಕು. ನಮ್ಮ ದೊಡ್ಡಕ್ಕನ ಪತ್ರ ಕೊರಿಯರ್‌ನಲ್ಲಿ ಬಂದಾಗ ಲಕೋಟೆಯನ್ನು ಹರಿದು ಕಸದ ಬುಟ್ಟಿಗೆ ಹಾಕಿದ್ದೆ. ಬಂದ ತಾರೀಖಿಗೆ ಪುರಾವೆ ಕೇಳಿದಾಗ ಬುಟ್ಟಿ ಕೆದಕಿ ತೆಗೆದೆ. ಲಕೋಟೆಯನ್ನೂ ಪತ್ರದ ಜೊತೆಗೇ ಪಿನ್ ಮಾಡಿಡಿ.